ಅಜ್ಜನ ಆರಾಮಕುರ್ಚಿಗೆ ಎಣ್ಣೆ ಹಾಕುವ ಮೊದಲು

ಉಡುಪಿ

ಚಿ. ಪ್ರಸಾದನಿಗೆ ಮಾವನ ಆಶೀರ್ವಾದಗಳು.

ದೀಪಾವಳಿ ರಜೆಯಲ್ಲಿ ಅಜ್ಜನ ಸಾಗುವಾನಿ ಕುರ್ಚಿಗೆ ಎಣ್ಣೆ ಹಾಕುತ್ತೇನೆಂದು ಬರೆದಿದ್ದಿ. ಅವಸರ ಮಾಡಬೇಡ ಮಾರಾಯ. ಆಗ ನಮ್ಮಲ್ಲಿ ಸಂಜೆಯ ಗುಡುಗುಮಳೆ ಇನ್ನೂ ಬಿಟ್ಟಿರುವುದಿಲ್ಲ, ಮರದೊಳಗೆ ಮಳೆಗಾಲದ ಪಸೆ ಹಾಗೇ ಉಂಟು. ಡಿಸೆಂಬರಿನವರೆಗೆ ಕಾದರೆ ಒಳ್ಳೆಯದು.

ಮೊದಲು ಹಳೆಯ ಪಾಲಿಶ್ ಯಾವುದೆಂದು ನೋಡು. ಕಾಲಿನ ಒಳಬದಿಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿ. ಜಾಗ ಅಂಟಂಟಾಗಿ ಹತ್ತಿ ಕಂದಾದರೆ ಅರಗಿನ ಪಾಲಿಶ್, ಸ್ಪಿರಿಟಿನಲ್ಲೇ ಒರೆಸಿ ತೆಗೆಯಬಹುದು. ಏನೂ ಆಗದಿದ್ದರೆ ವಾರ್ನಿಷ್ ಇರಬೇಕು, ಕೆರೆಯದೆ ಬೇರೆ ದಾರಿ ಇಲ್ಲ. ಕಾಸ್ಟಿಕ್ ಸೋಡಾ ಹಾಕಿ ತೊಳೆ ಎಂದು ಯಾರಾದರೂ ಹೇಳಿದರೆ ಕೇಳಬೇಡ. ಸಾಗುವಾನಿ ಕಪ್ಪಾಗುತ್ತದೆ, ಕೂಡುಗಳ ಹಳೆಯ ಅಂಟೂ ಬಿಡುತ್ತದೆ. ಹಳೆಕಾಲದ ಬಣ್ಣ ಬಳಿದಿದ್ದರೆ ಒಣಗಿದ್ದಂತೆಯೇ ಉಜ್ಜಬೇಡ. ಅದರಲ್ಲಿ ಸೀಸ ಇರಬಹುದು, ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ.

ಸ್ಯಾಂಡ್‌ಪೇಪರ್ ಮೊದಲು 120 ನಂಬರಿನ ಒರಟು, ಆಮೇಲೆ 180, ಕೊನೆಗೆ 220ರ ನಯ. ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜು. ಅಡ್ಡ ಎಳೆದ ಗೀರು ಒಣಮರದಲ್ಲಿ ಕಣ್ಣಿಗೆ ಬೀಳುವುದಿಲ್ಲ, ಎಣ್ಣೆ ಬಿದ್ದ ಕೂಡಲೇ ಎದ್ದು ಕಾಣುತ್ತದೆ. ಕೈ ಇಡುವ ಹಲಗೆಯನ್ನು ಮಾತ್ರ 120ರಲ್ಲಿ ಮುಟ್ಟಬೇಡ. ಎಷ್ಟೋ ವರ್ಷ ಅಂಗೈ ತಾಗಿ ಬಂದ ಆ ನಯ, ಆ ಗಾಢ ಬಣ್ಣ ಒಮ್ಮೆ ಹೋದರೆ ಯಾವ ಪಾಲಿಶಿನಿಂದಲೂ ಬಾರದು.

ಮನೆಯಲ್ಲಿ ತೆಂಗಿನೆಣ್ಣೆ ಇದೆಯಲ್ಲ ಎಂದು ಅದನ್ನು ಬಳಿಯಬೇಡ. ಅದು ಎಂದೂ ಒಣಗುವುದಿಲ್ಲ. ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ಹಾಗಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಪೇಂಟ್ ಅಂಗಡಿಯಲ್ಲಿ ‘ಬಾಯಿಲ್ಡ್ ಲಿನ್‌ಸೀಡ್’ ಎಂದು ಕೇಳು, ಕಾಲು ಲೀಟರು ಧಾರಾಳ. ಹೆಸರು ನೋಡಿ ಒಲೆಯ ಮೇಲೆ ಇಟ್ಟೀಯೆ! ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಅಷ್ಟೇ. ಅದಕ್ಕೇ ಅಡುಗೆಮನೆಯ ಮಣೆಗೆ ಅದು ಬೇಡ.

ಮೊದಲ ಲೇಪಕ್ಕೆ ಎಣ್ಣೆ, ಟರ್ಪಂಟೈನ್ ಸಮಸಮ. ಸಾಗುವಾನಿಯಲ್ಲಿ ಅದರದೇ ಎಣ್ಣೆ ಇರುವುದರಿಂದ ಮೊದಲು ಬರೇ ಟರ್ಪಂಟೈನಿನಿಂದ ಒಮ್ಮೆ ಒರೆಸಿಕೋ. ಆಮೇಲೆ ಆ ಮಿಶ್ರಣ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಒಣಬಟ್ಟೆಯಿಂದ ಪೂರ್ತಿ ಒರೆಸಬೇಕು. ಪೂರ್ತಿ ಎಂದರೆ ಬೆರಳಾಡಿಸಿದರೆ ಜಾರಬಾರದು. ಹೆಚ್ಚಿನವರು ಎಡವುವುದು ಇಲ್ಲೇ. ಹೊಳಪಿನ ಆಸೆಗೆ ಮೇಲೆ ಉಳಿಸಿದ ಎಣ್ಣೆ ಜೋನಿಬೆಲ್ಲದ ಹಾಗೆ ಅಂಟುತ್ತದೆ, ಜೂನಿನಲ್ಲಿ ಅದರ ಮೇಲೆ ಬೂಸಲು ಬರುತ್ತದೆ. ಹಾಗಾದರೆ ಟರ್ಪಂಟೈನ್ ಬಟ್ಟೆಯಿಂದ ತಿಕ್ಕಿ ತೆಗೆಯದೆ ಉಪಾಯವಿಲ್ಲ. ಎರಡು ದಿನ ಬಿಟ್ಟು ಬರೇ ಎಣ್ಣೆಯ ತೆಳು ಲೇಪ, ಮತ್ತೆರಡು ದಿನಕ್ಕೆ ಇನ್ನೊಂದು. ಮುಂದೆ ವರ್ಷಕ್ಕೊಮ್ಮೆ ಮಳೆ ಬಿಟ್ಟ ಮೇಲೆ ಒಂದು ಒರೆಸು ಸಾಕು.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಲ್ಲಿ ಅದು ಹೊರಬೀಳಲಾರದೆ ಬೆಂಕಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹಗ್ಗದ ಮೇಲೆ ಬಿಡಿಸಿ ಒಣಗಿಸು.

ಬೆತ್ತದ ಹೆಣಿಗೆಗೆ ಎಣ್ಣೆ ತಾಗಿಸಬೇಡ. ಜೋತಿದ್ದರೆ ಅಡಿಬದಿಗೆ ಒದ್ದೆ ಬಟ್ಟೆ ಒತ್ತಿ ಅರ್ಧ ಗಂಟೆ ಬಿಡು, ನೆರಳಲ್ಲಿ ಒಣಗುತ್ತಾ ತಾನೇ ಬಿಗಿಯುತ್ತದೆ. ಒಣಗುವ ತನಕ ಯಾರನ್ನೂ ಕೂರಗೊಡಬೇಡ.

ಇತಿ,
ನಿನ್ನ ಮಾವ