ಫಾಲ್ಕನ್ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

19ನೇ ಶತಮಾನದ ಫ್ರೆಂಚ್ ಒಪೆರಾ ಗಾಯಕಿ ಕಾರ್ನೆಲಿ ಫಾಲ್ಕನ್ ಬಗ್ಗೆ ನೀನು ಬರೆದ ಕರಡು ಓದಿದೆ. ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಯಿತು. ಆದರೂ ಒಂದು ತಕರಾರಿದೆ. ಮುಕ್ಕಾಲು ಪಾಲು ಬರಹ ಒಂದೇ ರಾತ್ರಿಗೆ ಖರ್ಚಾಗಿದೆ.

ಆ ರಾತ್ರಿ ಯಾವುದು ಅಂತ ನಿನಗೆ ಹೇಳಬೇಕಿಲ್ಲ. 1837ರ ಮಾರ್ಚ್. ಪ್ಯಾರಿಸ್ ಒಪೆರಾ ಎಂಬ ರಂಗಮಂದಿರದಲ್ಲಿ ಸಂಗೀತ ರಚನಕಾರ ನೀಡರ್‌ಮೇಯರ್‌ನ 'ಸ್ಟ್ರಾಡೆಲ್ಲಾ' ಎಂಬ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ. 'ನಾಳೆ ಹೊರಡೋಣ, ಬರ್ತೀಯಾ?' ಎಂದು ನಾಯಕ ಕೇಳುತ್ತಾನೆ. 'ನಾನು ತಯಾರು' ಎಂದು ಫಾಲ್ಕನ್ ಹಾಡಬೇಕು. ಬಾಯಿ ತೆರೆದರೆ ದನಿ ಬರಲಿಲ್ಲ. ಅಲ್ಲೇ ಕುಸಿದಳು. ಜೊತೆಯಲ್ಲಿ ಹಾಡುತ್ತಿದ್ದ ಅಡಾಲ್ಫ್ ನೂರಿ ಆಕೆಯನ್ನು ಎತ್ತಿಕೊಂಡು ಒಳಗೆ ಹೋದ. ಇಂಥದ್ದು ಕೈಗೆ ಸಿಕ್ಕರೆ ಯಾರು ಬಿಡ್ತಾರೆ ಹೇಳು? ಬಿಡಬೇಡ. ಆದರೆ ಅದರ ಮೇಲೆ ನೀನು ಸುರಿದ ವಿಶೇಷಣಗಳನ್ನೆಲ್ಲ ತೆಗೆದುಹಾಕು. ಅವತ್ತು ಸಭೆಯಲ್ಲಿ ಸಂಗೀತ ರಚನಕಾರ ಬರ್ಲಿಯೋಝ್ ಕೂತಿದ್ದ. ಗಂಟಲು ಕಟ್ಟಿದ ಮಗುವಿನ ಸದ್ದಿನಂತಿತ್ತು, ನೀರು ತುಂಬಿದ ಕೊಳಲಿನಂತೆ ಸ್ವರ ಅಡಗಿಹೋಯಿತು ಎಂಬ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಹುಡುಗನಾಗಿದ್ದಾಗ ಕೊಳಲು ಕಲಿತವನು ಅವನು. ಸುಮ್ನೆ ಹೇಳಿದ ಮಾತಲ್ಲ ಅದು. ಅದರ ಪಕ್ಕದಲ್ಲಿ ನಿನ್ನ 'ಹೃದಯ ಹಿಂಡುವ' ಯಾಕೆ ಬೇಕು?

ಇನ್ನೊಂದು ಸಂಗತಿ ನಿನ್ನ ಕರಡಿನಲ್ಲಿ ಇಲ್ಲವೇ ಇಲ್ಲ. ಆಕೆಯನ್ನು ಎತ್ತಿಕೊಂಡು ಹೋದ ನೂರಿಯೂ ಆಗ ಹೊರಡುವ ತಯಾರಿಯಲ್ಲೇ ಇದ್ದ. ಡುಪ್ರೇ ಎಂಬ ಹೊಸ ಗಾಯಕನನ್ನು ತನಗೆ ಸಮನಾಗಿ ತರುತ್ತಾರೆ ಎಂದು ಗೊತ್ತಾಗಿ ರಾಜೀನಾಮೆ ಕೊಟ್ಟಿದ್ದ. ಏಪ್ರಿಲ್ 1ಕ್ಕೆ ಅವನ ಬೀಳ್ಕೊಡುಗೆ. ಎರಡು ವರ್ಷದೊಳಗೆ ನೇಪಲ್ಸ್‌ನಲ್ಲಿ ಮೇಲಿನ ಮಹಡಿಯಿಂದ ಹಾರಿ ಸತ್ತ. ಅವತ್ತು ರಂಗದ ಮೇಲಿದ್ದ ಇಬ್ಬರ ದಾರಿಯೂ ಮುಗಿಯುತ್ತಿತ್ತು. ಇದನ್ನು ಎರಡೇ ಸಾಲಿನಲ್ಲಿ ಹೇಳು, ಸಾಕು.

ಈಗ ನನ್ನ ಮುಖ್ಯ ಮಾತು. ಆ ರಾತ್ರಿಗೆ ಮುಂಚೆ ಆಕೆ ಮಾಡಿದ ಕೆಲಸ ಎಲ್ಲಿ? 1814ರಲ್ಲಿ ಹುಟ್ಟಿದವಳು, 18 ವರ್ಷಕ್ಕೆ ಸಂಗೀತ ರಚನಕಾರ ಮೆಯರ್‌ಬೇರ್‌ನ 'ರಾಬರ್ಟ್ ಲ ದ್ಯಾಬ್ಲ್'ನಲ್ಲಿ ಆಲಿಸ್ ಪಾತ್ರದಿಂದ ರಂಗಕ್ಕೆ ಬಂದಳು. 1835ರಲ್ಲಿ ಇನ್ನೊಬ್ಬ ರಚನಕಾರ ಅಲೆವಿಯ 'ಲಾ ಜ್ವೀವ್'ನ ರಾಶೆಲ್. 1836ರಲ್ಲಿ ಮೆಯರ್‌ಬೇರ್‌ನ 'ಲೆ ಯುಗೆನೋ'ದ ವ್ಯಾಲೆಂಟೀನ್. ಈ ಎರಡು ಪಾತ್ರಗಳನ್ನು ಮೊಟ್ಟಮೊದಲು ಹಾಡಿದವಳು ಈಕೆಯೇ. ನೀನು ಇವನ್ನು ಒಂದು ಪ್ಯಾರಾದಲ್ಲಿ ಮುಗಿಸಿ ಓಡಿದ್ದೀಯ. ಯಾಕೆ ಅಂತ ಗೊತ್ತು. ಆಕೆಯ ದನಿಯ ಒಂದು ಮುದ್ರಣವೂ ನಮಗಿಲ್ಲ. ಕೇಳದ ದನಿಯ ಬಗ್ಗೆ ಏನು ಬರೆಯೋದು ಅನ್ನಿಸಿ 'ಜೇನಿನಂಥ ಕಂಠ' ಎಂದು ಬರೆದು ಕೈತೊಳೆದುಕೊಂಡಿದ್ದೀಯ.

ಆದರೆ ದನಿಯ ಅಳತೆ ಬೇರೆ ಕಡೆ ಉಳಿದಿದೆ. ದರ್ಜಿ ಹೊಲಿದ ರವಿಕೆ ನೋಡಿದರೆ ತೊಟ್ಟವರ ಮೈಕಟ್ಟು ಗೊತ್ತಾಗುವುದಿಲ್ಲವೇ, ಹಾಗೆ. ಅಲೆವಿ, ಮೆಯರ್‌ಬೇರ್ ಇಬ್ಬರಿಗೂ ಎದುರಿಗಿದ್ದ ಗಾಯಕಿ ಈಕೆ. ಸ್ವರಲಿಪಿ ತೆರೆದು ನೋಡು. ಎರಡೂ ಒಪೆರಾಗಳಲ್ಲಿ ಇಬ್ಬರು ಸೊಪ್ರಾನೋಗಳು, ಅಂದರೆ ಎತ್ತರದ ದನಿಯ ಗಾಯಕಿಯರು. ರಾಜಕುಮಾರಿ, ರಾಣಿ ಥರದ ಪಾತ್ರಗಳಲ್ಲಿ ಹಗುರವಾಗಿ, ಸರಸರನೆ ಮೇಲಕ್ಕೆ ಹಾರುವ ಹಾಡುಗಳು ದೋರು-ಗ್ರಾ ಎಂಬ ಗಾಯಕಿಗೆ. ಮಧ್ಯದಲ್ಲಿ ಭಾರವಾಗಿ ನಿಂತು, ಬೇಕಾದಾಗ ಒಮ್ಮೆಲೇ ಮೇಲಕ್ಕೆ ಚಿಮ್ಮಬೇಕಾದ ಭಾಗಗಳು ಫಾಲ್ಕನ್‌ಗೆ. ಒಬ್ಬಳ ಪಕ್ಕ ಇನ್ನೊಬ್ಬಳನ್ನು ಇಟ್ಟರೆ ಓದುವವನಿಗೆ ದನಿ ತಾನಾಗಿ ಕೇಳಿಸುತ್ತದೆ.

'ಲಾ ಜ್ವೀವ್'ನ ಎರಡನೇ ಅಂಕದಲ್ಲಿ ರಾಶೆಲ್ ರಾತ್ರಿ ಒಬ್ಬಳೇ ಪ್ರಿಯಕರನಿಗೆ ಕಾಯುವ ಹಾಡು ಇದೆಯಲ್ಲ, 'ಇಲ್ ವಾ ವನೀರ್', ಅದನ್ನು ಇವತ್ತಿನ ಯಾರದಾದರೂ ದನಿಯಲ್ಲಿ ಕೇಳು. ಮೊದಲು ಹಾರ್ನ್‌ಗಳು. ಆಮೇಲೆ 'ಅವನು ಬರ್ತಾನೆ' ಎಂಬ ಪುಟ್ಟ ಮಾತು. ಆಸೆಯೂ ಇದೆ, ಹೆದರಿಕೆಯೂ ಇದೆ. ಸ್ವರಗಳು ತುಂಡುತುಂಡಾಗಿ ಬರುತ್ತವೆ. ಬರಿ ಗಂಟಲಿದ್ದರೆ ಇದಕ್ಕೆ ಸಾಲದು, ನಟನೆಯೂ ಬೇಕು. ಅಲೆವಿ ಇದನ್ನು ಒಬ್ಬ ನಟಿಯನ್ನು ನಂಬಿ ಬರೆದಿದ್ದಾನೆ ಅಂತ ನನ್ನ ಅಂದಾಜು. ಇಂಥ ಪಾತ್ರಗಳಿಗೆ ಬೇಕಾದ ದನಿಗೆ ಫ್ರೆಂಚರು ಇಂದಿಗೂ 'ಫಾಲ್ಕನ್' ಎನ್ನುತ್ತಾರೆ. ರಂಗದ ಮೇಲೆ ಮೆರೆದದ್ದು ಐದೇ ವರ್ಷ, ಹೆಸರು ಮಾತ್ರ ಉಳಿದುಕೊಂಡಿತು. ನಿನ್ನ ಬರಹದ ಬೆನ್ನೆಲುಬು ಇದಾಗಲಿ ಅಂತ ನನ್ನ ಆಸೆ.

ದನಿ ಯಾಕೆ ಹೋಯಿತು ಎಂಬುದಕ್ಕೆ ನೀನು ಒಂದು ಕಾರಣ ಗಟ್ಟಿಯಾಗಿ ಕೊಟ್ಟಿದ್ದೀಯ. ಬೇಡ. ತೀರಾ ಚಿಕ್ಕ ವಯಸ್ಸಿಗೆ ದೊಡ್ಡ ಸಭಾಂಗಣಕ್ಕೆ ಬಿದ್ದಳು, ದನಿಯನ್ನು ಮೇಲಕ್ಕೆ ಎಳೆದರು, ಕೆಲಸ ಜಾಸ್ತಿಯಾಯಿತು ಅಂತೆಲ್ಲ ಜನ ಹೇಳಿದ್ದಾರೆ. ಹೇಳಿದ್ದಾರೆ ಎಂದೇ ಬರಿ. ಗಂಟಲು ಪರೀಕ್ಷಿಸಿದ ವೈದ್ಯೆಯ ಥರ ತೀರ್ಪು ಕೊಡಬೇಡ.

ಕೊನೆಯ ಭಾಗ ತುಂಬ ಉದ್ದವಾಗಿದೆ. ಆಕೆ ಇಟಲಿಗೆ ಹೋಗಿ ಚಿಕಿತ್ಸೆ ಪಡೆದಳು. 1840ರ ಮಾರ್ಚ್‌ನಲ್ಲಿ ಒಂದು ಸಹಾಯಾರ್ಥ ಪ್ರದರ್ಶನದಲ್ಲಿ ಮತ್ತೆ ಅದೇ ಪ್ಯಾರಿಸ್ ಒಪೆರಾದ ರಂಗಕ್ಕೆ ಬಂದಳು. ದನಿ ಕೈಕೊಟ್ಟಿತು. ಆಮೇಲೆ ಮದುವೆಯಾಗಿ, 1897ರವರೆಗೂ ಬದುಕಿದ್ದಳು. ಆ ಐವತ್ತೇಳು ವರ್ಷವನ್ನು ನೀನು ಕತ್ತಲ ಕೋಣೆ, ಕಣ್ಣೀರು, ಹಳೆಯ ಉಡುಪು ಅಂತ ತುಂಬಿಸಿದ್ದೀಯ. ಯಾರು ಕಂಡವರು? ಆಕೆ ನೆಮ್ಮದಿಯಾಗಿ ಊಟ ಮಾಡಿ ನಿದ್ದೆ ಮಾಡಿದ ದಿನಗಳೂ ಇದ್ದಿರಬೇಕು, ಅಲ್ವಾ? ಗೊತ್ತಿರುವಷ್ಟು ಬರೆದು ಮುಂದೆ ಹೋಗು.

ಜಾಗ ಉಳಿದರೆ 'ಲಾ ಎಸ್ಮೆರಾಲ್ಡಾ' ಸೇರಿಸು. ಅದೂ 1836ರದ್ದೇ. ಸಂಗೀತ ಲೂಯೀಸ್ ಬೆರ್ತಾಂ ಎಂಬ ಹೆಂಗಸಿನದು. ಸಾಹಿತ್ಯ ಸಾಕ್ಷಾತ್ ವಿಕ್ಟರ್ ಹ್ಯೂಗೋನದು. ನಾಯಕಿ ಫಾಲ್ಕನ್, ಜೊತೆಗೆ ನೂರಿ. ಇಷ್ಟೆಲ್ಲ ಇದ್ದೂ ಬಿದ್ದುಹೋಯಿತು. ಗೆದ್ದ ಪಾತ್ರಗಳ ನಡುವೆ ಒಂದು ಸೋಲೂ ಇರಲಿ, ಆಗ ಆಕೆ ದಿನಾ ಕೆಲಸಕ್ಕೆ ಹೋಗುತ್ತಿದ್ದ ಗಾಯಕಿಯಂತೆ ಕಾಣುತ್ತಾಳೆ. ತಿದ್ದಿದ ಮೇಲೆ ಕಳಿಸು, ಓದ್ತೀನಿ.

ಪ್ರೀತಿಯಿಂದ,
ನಿನ್ನ ಅಣ್ಣ