ಫೈನ್ ಕಟ್ಟಿ ಮುಗಿಸೋಣ ಅನ್ನುವ ಮುಂಚೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿ ರಾತ್ರಿ ನಿದ್ದೆ ಬರಲಿಲ್ಲ. ಶಿರಾ ಗೇಟ್ ಅಪಘಾತದ ಕೇಸು ಬುಧವಾರ ಚಾರ್ಜ್‌ಗೆ (ಆರೋಪ ಓದಿ ಹೇಳಿ, ತಪ್ಪು ಒಪ್ಪುತ್ತೀಯಾ ಅಂತ ಜಡ್ಜ್ ಕೇಳುವುದಕ್ಕೆ) ಇದೆ, ನಿನ್ನ ತಮ್ಮ ‘ಒಪ್ಪಿಕೊಂಡು ಫೈನ್ ಕಟ್ಟಿ ಮುಗಿಸಿಬಿಡೋಣ’ ಅಂತಿದ್ದಾನೆ ಅಂತ ಬರೆದಿದ್ದೀಯ. ಅವಸರ ಬೇಡ ಕಣೋ.

ನಾನೂ ಹೀಗೇ ಮಾಡಿದ್ದೆ. 2013ರಲ್ಲಿ ಒಬ್ಬರು ನನ್ನ ಬೈಕಿಗೆ ಅಡ್ಡ ಬಂದು ಬಿದ್ದರು, ಅವರ ಮೊಣಕಾಲು ತರಚಿತು, ನನ್ನ ಮೇಲೆ ಕೇಸಾಯಿತು. ತಪ್ಪು ನನ್ನದಿರಲಿಲ್ಲ. ಆದರೆ ವಾಯಿದೆಗೆ ಅಲೆದು ಸಾಕಾಗಿತ್ತು. ಜಡ್ಜ್ ಕೇಳಿದ್ದಕ್ಕೆ ‘ಹೌದು ಸ್ವಾಮಿ’ ಅಂದುಬಿಟ್ಟೆ. ಸಾವಿರ ರೂಪಾಯಿ ಕಟ್ಟಿ ಹೊರಗೆ ಬಂದರೆ ಅಮ್ಮ ಬೇವಿನ ಮರದ ಕೆಳಗೆ ಬುತ್ತಿ ಹಿಡಿದು ಕೂತಿದ್ದಳು. ‘ಮುಗೀತಾ ಮಗಾ?’ ಅಂದಳು. ಮುಗೀತು ಅಂದೆ.

ಎರಡು ವರ್ಷದ ಮೇಲೆ ಕೆಲಸಕ್ಕೆ ಆಯ್ಕೆಯಾದೆ. ಫಾರಂನಲ್ಲಿ ‘ಯಾವುದಾದರೂ ಕೇಸಿನಲ್ಲಿ ಶಿಕ್ಷೆಯಾಗಿದೆಯೇ?’ ಅಂತಿತ್ತು. ಹೌದು ಅಂತ ಬರೆಯುವಾಗ ಕೈ ನಡುಗಿತು. ನೇಮಕಾತಿ ಆದೇಶ ಏಳು ತಿಂಗಳು ತಡವಾಯಿತು. ಅಪೀಲು ಹೋಗೋಣ ಅಂದರೆ, ತಾನೇ ಒಪ್ಪಿಕೊಂಡವನು ಶಿಕ್ಷೆ ಜಾಸ್ತಿಯಾಯಿತು ಅಥವಾ ಕಾನೂನಿನಂತಿಲ್ಲ ಅಂತ ಮಾತ್ರ ಹೋಗಬಹುದು. ತಪ್ಪೇ ಮಾಡಿಲ್ಲ ಅನ್ನಲು ಬರುವುದಿಲ್ಲ.

ನಿನ್ನ ತಮ್ಮನದು ಇನ್ನೂ ದೊಡ್ಡದು. ಅಪಘಾತದಲ್ಲಿ ಪೆಟ್ಟಾದ ಅಜ್ಜನ ಕೈ ಮೂಳೆ ಮುರಿದಿದೆ. ಭಾರತೀಯ ನ್ಯಾಯ ಸಂಹಿತೆಯ 125(ಬಿ) ಪ್ರಕಾರ 3 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಒಪ್ಪಿಕೊಂಡರೆ ಬರೀ ಫೈನೇ ಅಂತ ಯಾರು ಮಾತು ಕೊಡಲು ಸಾಧ್ಯ? ಅದು ಜಡ್ಜ್ ಕೈಯಲ್ಲಿರುವುದು.

ಮೊದಲು ಅವನನ್ನು ಕೂರಿಸಿಕೊಂಡು ನಿಜ ಕೇಳು. ತಪ್ಪು ಅವನದಲ್ಲದಿದ್ದರೆ ವಿಚಾರಣೆ ಬೇಕು ಅನ್ನಲಿ. ಸಾಕ್ಷಿಗಳು ಬಂದು ಹೇಳಲಿ. ಅವನದೇ ಆಗಿದ್ದರೆ ಒಪ್ಪಿಕೊಳ್ಳಲಿ, ಆದರೆ ಸುಮ್ನೆ ತಲೆಯಾಡಿಸಿ ಅಲ್ಲ. ಪ್ಲೀ ಬಾರ್ಗೇನಿಂಗ್ ಅಂತ ಒಂದಿದೆ, ತಪ್ಪು ಒಪ್ಪಿಕೊಂಡು ಶಿಕ್ಷೆ, ಪರಿಹಾರದ ಬಗ್ಗೆ ಮಾತಾಡಿ ಇತ್ಯರ್ಥ ಮಾಡಿಕೊಳ್ಳುವುದು, ನಮ್ಮಲ್ಲಿ 2006ರಿಂದ ಇದೆ. 7 ವರ್ಷಕ್ಕಿಂತ ಜಾಸ್ತಿ ಶಿಕ್ಷೆಯ ಕೇಸಿಗೆ, ಹೆಂಗಸರು, ಮಕ್ಕಳ ಮೇಲಿನ ಅಪರಾಧಕ್ಕೆ ಅದಿಲ್ಲ. ಇವನ ಕೇಸಿಗೆ ಆಗುತ್ತದೆ. ಚಾರ್ಜ್ ಆದ 30 ದಿನದೊಳಗೆ ಅರ್ಜಿ ಹಾಕಬೇಕು. ಆಗ ಸರ್ಕಾರಿ ವಕೀಲರು, ಪೊಲೀಸರು, ಅಜ್ಜ ಎಲ್ಲರೂ ಕೂತು ಮಾತಾಡುತ್ತಾರೆ. ಅಜ್ಜನಿಗೆ ಪರಿಹಾರ ಎಷ್ಟು ಅನ್ನುವುದೂ ಅಲ್ಲೇ ತೀರ್ಮಾನವಾಗುತ್ತದೆ. ನಾನು ಕಟ್ಟಿದ ಸಾವಿರದಲ್ಲಿ ಬಿದ್ದವರಿಗೆ ಒಂದು ಪೈಸೆಯೂ ಹೋಗಲಿಲ್ಲ, ಅದು ಇವತ್ತಿಗೂ ಮನಸ್ಸಿನಲ್ಲಿದೆ.

1958ರ ಪ್ರೊಬೇಷನ್ ಕಾಯ್ದೆಯಲ್ಲಿ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದೂ ಉಂಟು. ಅಪಘಾತದ ಕೇಸಲ್ಲಿ ಸಿಕ್ಕೇ ಸಿಗುತ್ತದೆ ಅನ್ನಲಾರೆ, ಆದರೆ ಕೇಳಲೇಬೇಕು ಅಲ್ವಾ? ವಕೀಲರು ಸರಿಯಾಗಿ ಬಿಡಿಸಿ ಹೇಳದಿದ್ದರೆ 15100ಕ್ಕೆ ಫೋನ್ ಮಾಡು. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ.

ಬುಧವಾರ ನಾನೂ ಬರುತ್ತೇನೆ. ಗುಬ್ಬಿಯಿಂದ ಎಂಟು ಗಂಟೆ ಬಸ್ಸು ಹತ್ತುತ್ತೇನೆ. ಚಾರ್ಜ್‌ಶೀಟಿನ ಪ್ರತಿ, ವೂಂಡ್ ಸರ್ಟಿಫಿಕೇಟು (ಅಜ್ಜನ ಗಾಯದ ಬಗ್ಗೆ ಡಾಕ್ಟರ್ ಕೊಟ್ಟದ್ದು) ಎರಡೂ ತಂದಿರು. ಅಷ್ಟರೊಳಗೆ ತಮ್ಮ ಯಾವ ಕಾಗದಕ್ಕೂ ಸಹಿ ಹಾಕದಿರಲಿ.

ನಿನ್ನ ಗೆಳೆಯ