ಬೀಗದ ಕೈ ತಗೊಳ್ಳುವ ಮೊದಲು

ಪುಟ್ಟೀ, ಆಶೀರ್ವಾದ.

ಕ್ಲಿನಿಕ್ಕಿನ ನೋವಿನ ಔಷಧಗಳ ಕಪಾಟು ನಿನ್ನ ಸುಪರ್ದಿಗೆ ಬಂತಂತೆ. ಸಂತೋಷ. ಜೊತೆಗೇ ನಾಲ್ಕು ಮಾತು ಹೇಳಬೇಕು, ಸ್ವಲ್ಪ ಉದ್ದವಾದೀತು.

ಪಶುವೈದ್ಯದ ಕಪಾಟು ಅಂದರೆ ಜನರಿಗೆ ಹಗುರ. ಅಲ್ಲಿರುವ ಮೆಥಡೋನ್, ಮಾರ್ಫಿನ್, ಫೆಂಟನಿಲ್, ಬ್ಯುಪ್ರಿನಾರ್ಫಿನ್, ಟ್ರಾಮಡಾಲ್ ಎಲ್ಲವೂ ಅಫೀಮಿನಂತೆ ಚಟ ಹಿಡಿಸಬಲ್ಲ ನೋವಿನ ಔಷಧಗಳು, ಮನುಷ್ಯರ ಆಸ್ಪತ್ರೆಯಲ್ಲಿ ಇರುವಂಥವೇ. ವ್ಯತ್ಯಾಸ ಕಾವಲಿನಲ್ಲಿದೆ. ದೊಡ್ಡ ಆಸ್ಪತ್ರೆಯಲ್ಲಿ ಬರೆಯುವವರು ಒಬ್ಬರು, ಕೊಡುವವರು ಇನ್ನೊಬ್ಬರು, ಚುಚ್ಚುವವರು ಮತ್ತೊಬ್ಬರು. ನಮ್ಮಲ್ಲಿ ಚೀಟಿ ಬರೆದವರೇ ಬಾಟಲಿ ತೆಗೆದು, ಸಿರಿಂಜಿಗೆ ಎಳೆದು, ಚುಚ್ಚಿ, ಪುಸ್ತಕದಲ್ಲೂ ಬರೆಯುತ್ತಾರೆ. ಮೇಲಾಗಿ, "ನನಗೆ ಇಂಜೆಕ್ಷನ್ ಕೊಡಲೇ ಇಲ್ಲ" ಅಂತ ದೂರು ಹೇಳುವ ಬಾಯಿ ನಮ್ಮ ರೋಗಿಗಿಲ್ಲ. ಹೊರಗಿನ ಕಳ್ಳನಿಗೆ ಬೀಗ ಸಾಕು. ಈ ಔಷಧ ಸೋರುವುದು ಹೆಚ್ಚಾಗಿ ಬೀಗದ ಕೈ ಇರುವವರ ಕಡೆಯಿಂದಲೇ, ಆ ಪಟ್ಟಿಯಲ್ಲಿ ಈಗ ನೀನೂ ಇದ್ದೀಯ.

ಮೊದಲು ಪುಸ್ತಕ. ಪುಟಕ್ಕೆ ಸಂಖ್ಯೆ ಇರುವ, ಹೊಲಿದ ಪುಸ್ತಕ ಇರಲಿ, ಬಿಡಿ ಹಾಳೆ ಬೇಡ. ಪ್ರತಿ ಔಷಧಕ್ಕೆ ಬೇರೆ ಪುಟ, ಅದೇ ಔಷಧದ ಪ್ರತಿ ಸಾಂದ್ರತೆಗೂ ಬೇರೆ ಪುಟ. ಬ್ಯುಪ್ರಿನಾರ್ಫಿನ್ ಮಿ.ಲೀ.ಗೆ 0.3 ಮಿ.ಗ್ರಾಂ. ಇರುವುದೂ ಉಂಟು, ಬೆಕ್ಕಿಗೆಂದೇ ಮಾಡಿದ 1.8 ಮಿ.ಗ್ರಾಂ.ದೂ ಉಂಟು. ಹೆಸರು ಒಂದೇ, ನೀರಿನಂತೆ ಕಾಣುವುದೂ ಒಂದೇ, ತೀವ್ರತೆ ಆರು ಪಟ್ಟು. ಇವೆರಡನ್ನು ಒಂದೇ ಅಂಕಣದಲ್ಲಿ ಕೂಡಿಸಿದರೆ ಲೆಕ್ಕಕ್ಕೆ ಅರ್ಥವೇ ಉಳಿಯದು. ಅದಲುಬದಲಾದರೆ ಬೆಕ್ಕಿಗೂ ಅಪಾಯ.

ಒಂದು ಸಾಲು ಹೇಗಿರಬೇಕು ನೋಡು. 24 ಕೆ.ಜಿ. ತೂಕದ ನಾಯಿ, ಮೆಥಡೋನ್ ಕೆ.ಜಿ.ಗೆ 0.2 ಮಿ.ಗ್ರಾಂ.ನಂತೆ 4.8 ಮಿ.ಗ್ರಾಂ. ಬಾಟಲಿ ಮಿ.ಲೀ.ಗೆ 10 ಮಿ.ಗ್ರಾಂ.ದಾದರೆ ಎಳೆಯಬೇಕಾದ್ದು 0.48 ಮಿ.ಲೀ. ತಾರೀಖು, ಗಂಟೆ, ಪ್ರಾಣಿಯ ದಾಖಲೆ ಸಂಖ್ಯೆ, ತೂಕ, ಮಿ.ಗ್ರಾಂ., ಮಿ.ಲೀ., ಬಾಟಲಿಯ ಸಂಖ್ಯೆ, ಉಳಿಕೆ, ಎರಡು ಸಹಿ. "ಸುಮಾರು ಅರ್ಧ" ಅಂತ 0.5 ಬರೆಯುವ ಚಾಳಿ ಬೇಡ. ಆ 0.02 ದೊಡ್ಡದಲ್ಲ ನಿಜ, ಆದರೆ ಅಂದಾಜು ಬರೆಯುವ ಪುಸ್ತಕದಲ್ಲಿ ಯಾವುದು ಅಸಡ್ಡೆ, ಯಾವುದು ಕಳವು ಅಂತ ಆಮೇಲೆ ಯಾರೂ ಬಿಡಿಸಲಾರರು. ತಪ್ಪು ಬರೆದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆ, ಸಹಿ ಹಾಕು. ವೈಟ್ನರ್ ಹಚ್ಚಿದ ಪುಟಕ್ಕೆ ನಾನಂತೂ ಬೆಲೆ ಕೊಡುವುದಿಲ್ಲ. ವಾರಕ್ಕೊಮ್ಮೆ ಇಬ್ಬರು ಕೂತು ಉಳಿಕೆ ಅಳೆಯಿರಿ. ಆ ಇಬ್ಬರು ಪ್ರತಿ ವಾರವೂ ಅವರೇ ಆಗಿರಬಾರದು.

ಲೆಕ್ಕ ಯಾಕೆ ಸೇರುವುದಿಲ್ಲ ಅನ್ನುವುದನ್ನು ತಿಳಿದುಕೋ, ಇಲ್ಲದಿದ್ದರೆ ನಿರಪರಾಧಿಯನ್ನು ಹಿಡಿದು ನಿಲ್ಲಿಸುತ್ತೀಯ. ಸೂಜಿ ಮತ್ತು ಸಿರಿಂಜು ಕೂಡುವ ಕುತ್ತಿಗೆಯಲ್ಲಿ ಪ್ರತಿ ಸಲ ಒಂದಿಷ್ಟು ಉಳಿಯುತ್ತದೆ. 0.05 ಮಿ.ಲೀ. ಅಂದುಕೋ. ಹತ್ತು ಮಿ.ಲೀ. ಬಾಟಲಿಯಿಂದ ಇಪ್ಪತ್ತು ಸಲ ಎಳೆದರೆ ಒಂದು ಮಿ.ಲೀ. ಹೀಗೇ ಹೋಯಿತು, ಅಂದರೆ ಹತ್ತಕ್ಕೆ ಒಂದು ಪಾಲು. ಇತ್ತ ತಯಾರಕರು ಬಾಟಲಿಗೆ ಲೇಬಲ್‌ಗಿಂತ ತುಸು ಹೆಚ್ಚು ತುಂಬಿರುತ್ತಾರೆ. ಈ ಎರಡೂ ಎಳೆದಾಡಿ, ಪ್ರಾಮಾಣಿಕವಾಗಿ ಬಳಸಿದ ಬಾಟಲಿ ಒಮ್ಮೆ ಚೂರು ಮೇಲೆ, ಒಮ್ಮೆ ಚೂರು ಕೆಳಗೆ ಮುಗಿಯುತ್ತದೆ. ಸಾಲಾಗಿ ಎಲ್ಲ ಬಾಟಲಿಯೂ ಸೊನ್ನೆಗೇ ಬಂದು ನಿಂತರೆ, ಪುಸ್ತಕವನ್ನು ಬಾಟಲಿ ನೋಡಿ ಬರೆದಿದ್ದಾರೆ ಅಂತಲೇ ನನ್ನ ಅನುಮಾನ. ಕೊರತೆ ಬಂದಾಗ ಎಷ್ಟು ಅನ್ನುವುದಕ್ಕಿಂತ ಯಾವ ಪಾಳಿಯಲ್ಲಿ ಅಂತ ನೋಡು. ಕುತ್ತಿಗೆಯಲ್ಲಿ ಉಳಿಯುವ ಹನಿ ಎಲ್ಲರ ಪಾಳಿಯಲ್ಲೂ ಉಳಿಯುತ್ತದೆ.

ಸಿರಿಂಜಿನಲ್ಲಿ ಮಿಕ್ಕದ್ದು ಇನ್ನೊಂದು ಬಿರುಕು. 0.3 ಮಿ.ಲೀ. ಉಳಿಯಿತು, ಆಮೇಲೆ ಚೆಲ್ಲಿದರಾಯಿತು ಅಂತ ಜೇಬಿಗಿಟ್ಟ ಸಿರಿಂಜು ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ನಿಂತ ಜಾಗದಲ್ಲೇ, ಇನ್ನೊಬ್ಬರ ಕಣ್ಣೆದುರು, ಔಷಧವನ್ನು ಹೀರಿ ಕೆಡಿಸುವ ಡಬ್ಬಿಗೆ ಹಾಕಿ, ಮಿಕ್ಕದ್ದನ್ನೂ ಒಂದು ಸಾಲಾಗಿ ಬರೆ. ಸಾಕ್ಷಿಯ ಸಹಿ ನೋಡಿದವರದಾಗಿರಲಿ, ಸಂಜೆ ಒಟ್ಟಿಗೆ ಗೀಚಿದ್ದು ಬೇಡ.

ಪುಸ್ತಕಕ್ಕಿಂತ ಮೊದಲು ಮಾತಾಡುವುದು ಪ್ರಾಣಿ. ಯಾರೋ ಬಾಟಲಿಯಿಂದ ಔಷಧ ತೆಗೆದು ಸಲೈನ್ ತುಂಬಿಟ್ಟಿದ್ದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಶಸ್ತ್ರಚಿಕಿತ್ಸೆ ಆದ ನಾಯಿ ಎಚ್ಚರವಾಗುತ್ತಲೇ ಕೀರುತ್ತದೆ, ಮಲಗದೆ ಕೂತೇ ತೂಗುತ್ತದೆ, ಹೊಲಿಗೆಯ ಹತ್ತಿರ ಕೈ ತಂದರೆ ತಿರುಗಿ ಬೀಳುತ್ತದೆ. ಎಚ್ಚರವಾಗುವ ಗಲಿಬಿಲಿಗೂ ಕೆಲವು ನಾಯಿ ಹೀಗೆ ಮಾಡುತ್ತವೆ, ಒಂದು ಪ್ರಾಣಿ ನೋಡಿ ಹೌಹಾರಬೇಡ. ಒಂದೇ ಬಾಟಲಿಯಿಂದ ಪಡೆದ ಮೂರು ಪ್ರಾಣಿ ಹೀಗೆ ಒದ್ದಾಡಿದರೆ ಆ ಬಾಟಲಿಯನ್ನು ಮುಚ್ಚಿ ತೆಗೆದಿಟ್ಟು ಹಿರಿಯರಿಗೆ ತಿಳಿಸು, ಆ ಪ್ರಾಣಿಗಳಿಗೆ ಹೊಸ ಬಾಟಲಿಯಿಂದ ನೋವಿಗೆ ಕೊಡಿಸು. ಪುಸ್ತಕದಲ್ಲಿ ಬರೆದ ಸಲಕ್ಕಿಂತ ರಬ್ಬರ್ ಮುಚ್ಚಳದ ಮೇಲೆ ಹೆಚ್ಚು ತೂತು, ಸಡಿಲವಾದ ಲೋಹದ ಪಟ್ಟಿ, ಅಂಟಿಸಿದಂತಿರುವ ಸೀಲು, ಇವನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೋ.

ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯ ವಿಷಯದಲ್ಲಿ ನಾನು ಜುಗ್ಗಿ. ನಾಯಿಗೆ ಅಂಟಿಸಿದ ಮೇಲೆ ಪೂರ್ತಿ ಪರಿಣಾಮಕ್ಕೆ 12ರಿಂದ 24 ಗಂಟೆ ಬೇಕು, ಕೆಲಸ ಮಾಡುವುದು ಸುಮಾರು 72 ಗಂಟೆ. ಆಮೇಲೆ ಕಿತ್ತ ಪಟ್ಟಿ ಖಾಲಿ ಅಂದುಕೊಳ್ಳುತ್ತಾರೆ. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಔಷಧ ಉಳಿದಿರುವುದು ಸಾಮಾನ್ಯ. ಅಂಬೆಗಾಲಿಡುವ ಮಗು ಬಾಯಿಗೆ ಹಾಕಿಕೊಂಡರೆ ಜೀವ ಹೋಗಲು ಅಷ್ಟು ಸಾಕು. ಚಿಕ್ಕ ಮಕ್ಕಳಿರುವ ಮನೆಗೆ ಪಟ್ಟಿ ಅಂಟಿಸಿ ಕಳಿಸಬೇಡ, ಬೇರೆ ದಾರಿ ನೋಡು. ಕಳಿಸಿದ ಪಟ್ಟಿಗೆ ಸಂಖ್ಯೆ ಬರೆದು, ಕ್ಲಿನಿಕ್ಕಿಗೇ ಬಂದು ಕೀಳಿಸಿಕೊಳ್ಳಲು ಹೇಳು. ಕಿತ್ತದ್ದನ್ನು ಅಂಟು ಒಳಗೆ ಬರುವಂತೆ ಮಡಚಿ, ಅದನ್ನೂ ಪುಸ್ತಕದಲ್ಲಿ ತೀರಿಸು.

ಇನ್ನು ಕೌಂಟರಿನ ಆಚೆಯವರು. ನಾಯಿಯ ಕಥೆ ಹೇಳುವ ಮೊದಲೇ ಟ್ರಾಮಡಾಲ್ ಹೆಸರು ಹೇಳುವುದು, ಬೇರೆ ಯಾವುದೂ ಒಗ್ಗುವುದಿಲ್ಲ ಅನ್ನುವುದು, ಗುಳಿಗೆ ಸಿಂಕಿಗೆ ಬಿತ್ತು ಅಂತ ನಾಲ್ಕೇ ದಿನಕ್ಕೆ ಮರಳುವುದು, ಪ್ರಾಣಿಯನ್ನು ತರದೆ ಚೀಟಿ ಕೇಳುವುದು. ಇವೆಲ್ಲಕ್ಕೂ ಒಂದೇ ಉತ್ತರ, "ಕರೆದುಕೊಂಡು ಬನ್ನಿ, ನೋಡೋಣ." ನಿಜಕ್ಕೂ ನೋವಿರುವ ಪ್ರಾಣಿಯ ಯಜಮಾನ ಇದಕ್ಕೆ ಬೇಸರಪಡುವುದು ಕಡಿಮೆ. ಗುಳಿಗೆ ಎಣಿಸಿ ಕೊಡು, ಮೂರು ದಿನಕ್ಕೆ ಸಾಕಾಗುವಷ್ಟು. ಮತ್ತೆ ಮತ್ತೆ ಹೊಸ ಗಾಯದೊಂದಿಗೆ ಬರುವ ಪ್ರಾಣಿಯಿದ್ದರೆ, ಗಾಯಕ್ಕೂ ಹೇಳುವ ಕಥೆಗೂ ಹೊಂದದಿದ್ದರೆ, ಔಷಧಕ್ಕಾಗಿ ಆ ಜೀವವನ್ನೇ ನೋಯಿಸುತ್ತಿರಬಹುದು ಅಂತ ಯೋಚಿಸು.

ಅಷ್ಟಕ್ಕೂ ನಾಯಿಗೆ ಟ್ರಾಮಡಾಲ್ ಅಷ್ಟೊಂದು ಇಡುವುದೇ ಯಾಕೆ? ಆ ಗುಳಿಗೆಯ ನೋವು ತಗ್ಗಿಸುವ ಶಕ್ತಿ ಬಹುಪಾಲು ಯಕೃತ್ತಿನಲ್ಲಿ ಹುಟ್ಟುವ ಇನ್ನೊಂದು ರೂಪದಿಂದ ಬರುತ್ತದೆ. ಮನುಷ್ಯರಲ್ಲೂ ಬೆಕ್ಕಿನಲ್ಲೂ ಅದು ಚೆನ್ನಾಗಿ ಹುಟ್ಟುತ್ತದೆ, ನಾಯಿಯಲ್ಲಿ ತೀರಾ ಕಡಿಮೆ. ಕೀಲುನೋವಿನ ನಾಯಿಗೆ ಉರಿಯೂತ ಇಳಿಸುವ ಔಷಧವೇ ಹೆಚ್ಚು ಉಪಯೋಗ. ಕಪಾಟಿನಲ್ಲಿ ಇಲ್ಲದ್ದನ್ನು ಯಾರೂ ಕದಿಯಲಾರರು. ಇದೇ ಗುಳಿಗೆ ನುಂಗುವ ಮನುಷ್ಯನಿಗೆ ಉಸಿರು ಕಟ್ಟುವುದು ಒಂದು ಕಡೆಯಾದರೆ, ಅಪಸ್ಮಾರದಂಥ ಸೆಳೆತ ಇನ್ನೊಂದು ಕಡೆ. ಮದ್ಯವೋ ನಿದ್ರೆಗುಳಿಗೆಯೋ ಸೇರಿದರೆ ಎರಡೂ ಬೇಗ.

ಕಾಡುಪ್ರಾಣಿಗಳಿಗೆ ಬಳಸುವ ಎಟಾರ್ಫಿನ್, ಕಾರ್ಫೆಂಟನಿಲ್ ನಿನ್ನ ಕಪಾಟಿಗೆ ಬರುವುದಿಲ್ಲ. ಎಟಾರ್ಫಿನ್ ಮಾರ್ಫಿನ್‌ಗಿಂತ ಸಾವಿರ ಪಟ್ಟು ಮೇಲೆ ಅಂತ ಗೊತ್ತಿದ್ದರೆ ಸಾಕು.

ಯಾರಾದರೂ ಬಿದ್ದು ಸಿಕ್ಕರೆ: ತುಟಿ ನೀಲಿ, ಕಣ್ಣಪಾಪೆ ಸೂಜಿಮೊನೆಯಷ್ಟು, ಉಸಿರು ನಿಮಿಷಕ್ಕೆ ನಾಲ್ಕೈದು ಅಥವಾ ಗೊರಕೆಯಂತೆ. ತುರ್ತು ಕರೆ ಮಾಡಿಸು. ಈ ಔಷಧಗಳ ಪರಿಣಾಮ ಇಳಿಸುವ ನಲಾಕ್ಸೋನ್ ಅನ್ನು ಮೂಗಿಗೆ 4 ಮಿ.ಗ್ರಾಂ., ಇಲ್ಲವೇ ತೊಡೆಗೆ ಚುಚ್ಚಿ 0.4 ಮಿ.ಗ್ರಾಂ. ಕೊಡು. ತಲೆ ಹಿಂದಕ್ಕೆ ವಾಲಿಸಿ ಐದು ಸೆಕೆಂಡಿಗೊಮ್ಮೆ ಉಸಿರು ಊದು. ನಾಡಿ ಇಲ್ಲದಿದ್ದರೆ ಎದೆ ಒತ್ತು. ಎರಡು ಮೂರು ನಿಮಿಷದಲ್ಲಿ ಉಸಿರು ಬರದಿದ್ದರೆ ಇನ್ನೊಂದು ಡೋಸು. ಬ್ಯುಪ್ರಿನಾರ್ಫಿನ್ ಗಟ್ಟಿಯಾಗಿ ಕಚ್ಚಿಕೊಳ್ಳುವ ಔಷಧ, ಒಂದಕ್ಕೆ ಬಗ್ಗದಿರಬಹುದು. ಎದ್ದು ಕೂತು "ನನಗೇನೂ ಆಗಿಲ್ಲ" ಅಂದರೂ ಬಿಡಬೇಡ. ನಲಾಕ್ಸೋನ್ ಒಂದು ಗಂಟೆ ಹೆಚ್ಚುಕಡಿಮೆ ಕೆಲಸ ಮಾಡುತ್ತದೆ, ಮೆಥಡೋನ್ ದಿನವಿಡೀ. ಪ್ರಾಣಿಗಳಿಗೆ ಮಂಪರು ಬರಿಸುವ ಕ್ಸೈಲಜೀನ್ ಸೇರಿದ್ದರೆ ನಲಾಕ್ಸೋನ್ ಅದನ್ನು ಮುಟ್ಟದು. ಆಗಲೂ ನಲಾಕ್ಸೋನ್ ಕೊಡು, ಉಸಿರು ಊದುತ್ತಲೇ ಇರು. ಆ ಮಂಪರು ಇಳಿಸಲು ನಾಯಿಗೆ ಕೊಡುವ ಅಟಿಪಮೆಝೋಲ್ ಕಪಾಟಿನಲ್ಲಿದೆಯಲ್ಲ ಅಂತ ಮನುಷ್ಯರಿಗೆ ಚುಚ್ಚಬೇಡ.

ಬಿದ್ದವರು ನಿನ್ನ ಜೊತೆಯವರೇ ಆಗಿರಬಹುದು. ಕರೆಯದೆ ರಾತ್ರಿ ಪಾಳಿಗೆ ನಿಲ್ಲುವುದು, ಮಿಕ್ಕದ್ದು ಚೆಲ್ಲಲು ತಾವೇ ಮುಂದಾಗುವುದು, ಒಂದೇ ದಿನದಲ್ಲಿ ಆಕಳಿಕೆ, ಮೂಗುಸೋರಿಕೆ, ಬೆವರು, ಮತ್ತೆ ಬಾತ್‌ರೂಮಿಗೆ ಹೋಗಿ ಬಂದ ಮೇಲೆ ತಣ್ಣಗಾಗುವುದು. ಒಂದರಿಂದ ಏನೂ ತಿಳಿಯದು, ನಾಲ್ಕು ಕೂಡಿದರೆ ಪುಸ್ತಕ ತೆಗೆದು ನೋಡು. ಒಬ್ಬಳೇ ಹೋಗಿ ಮುಖಕ್ಕೆ ಹೊಡೆದಂತೆ ಕೇಳಬೇಡ. ಇಬ್ಬರಿರಲಿ, ಅಂಕಿ ಕೈಲಿರಲಿ, ಆ ದಿನವೇ ವೈದ್ಯರ ಬಳಿಗೆ ಕರೆದೊಯ್ಯುವ ಏರ್ಪಾಡು ಆಗಿರಲಿ. ಸಿಕ್ಕಿಬಿದ್ದ ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ, ಕಪಾಟಿನ ಬೀಗದ ಕೈಯನ್ನೂ ಅವರ ಬಳಿ ಬಿಡಬೇಡಿ. ನಾಚಿಕೆಯಲ್ಲಿ ಮನುಷ್ಯ ಏನು ಬೇಕಾದರೂ ಮಾಡಿಕೊಂಡಾನು. ವೈದ್ಯರ ಕೈಕೆಳಗೆ ಕೊಡುವ ಮೆಥಡೋನ್ ಅಥವಾ ಬ್ಯುಪ್ರಿನಾರ್ಫಿನ್ ಈ ಚಟಕ್ಕೆ ಒಳ್ಳೆಯ ಚಿಕಿತ್ಸೆ, ಅದನ್ನು ಕಂಡು ಮೂಗು ಮುರಿಯಬೇಡ. ಬಿಟ್ಟು ತಿಂಗಳಾದವರು ಜಾರಿ ಹಳೆಯ ಪ್ರಮಾಣವನ್ನೇ ತಗೊಂಡರೆ ದೇಹ ತಡೆಯದು, ಬಹಳ ಸಾವು ಆಗುವುದು ಅಲ್ಲೇ.

ನಿನಗೂ ಹೇಳುತ್ತೇನೆ, ಸಿಟ್ಟಾಗಬೇಡ. ಸೊಂಟ ಹಿಡಿದು, ಹದಿನಾಲ್ಕು ಗಂಟೆ ನಿಂತ ರಾತ್ರಿ ಕೈಯಲ್ಲಿ 0.3 ಮಿ.ಲೀ. ಮಿಕ್ಕಿರುತ್ತದೆ. ಅದನ್ನು ನಾನೇ ಚುಚ್ಚಿಕೊಂಡರೇನು ಅನ್ನಿಸಿದ ಕ್ಷಣವೇ ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಟ್ಟು ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ.

ನಾಳೆ ಬೀಗದ ಕೈ ತಗೊಳ್ಳುವಾಗ ಕೊಡುವವರ ಎದುರೇ ಪ್ರತಿ ಬಾಟಲಿ, ಪಟ್ಟಿ, ಗುಳಿಗೆ ಎಣಿಸು, ತೆರೆದದ್ದನ್ನು ಅಳೆ. ಪುಸ್ತಕದ ಅಂಕಿಗೆ ಕಡಿಮೆ ಬಂದರೆ "ಆಮೇಲೆ ಸರಿಮಾಡೋಣ" ಅನ್ನುವ ಮಾತಿಗೆ ಒಪ್ಪಬೇಡ. ಎಷ್ಟು ಕಡಿಮೆಯೋ ಅದನ್ನೇ ನಿನ್ನ ಮೊದಲ ಸಾಲಾಗಿ ಬರೆದು, ಇಬ್ಬರ ಸಹಿ ಆದ ಮೇಲೆ ಕೈ ತಗೋ.

ನಿನ್ನ ದೊಡ್ಡಮ್ಮ